ಕರಿದ ಎಣ್ಣೆಯ ಸದ್ಗತಿ

ಬೆಳಗಿನಿಂದ ಇರುಳಿನವರೆಗೆ ಬೋಂಡ, ಬಜ್ಜಿ, ಪೂರಿಗಳನ್ನು ಬೇಯಿಸಿ ಕಪ್ಪಾಗಿ, ಮಂದವಾಗಿ, ಕಡೆಗೆ ಹೋಟೆಲಿನ ಯಜಮಾನನಿಗೇ ಬೇಡವಾದ ಎಣ್ಣೆಯು ಮುಂದೆ ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆಯನ್ನು, ತಿಂಡಿಯ ರುಚಿಯನ್ನು ಕುರಿತು ಗಂಟೆಗಟ್ಟಲೆ ವಾದಿಸಬಲ್ಲ ನಾವು ಅಪರೂಪಕ್ಕೂ ಕೇಳುವುದಿಲ್ಲ. ಅದರಲ್ಲಿ ಒಂದಂಶ ಚರಂಡಿಯನ್ನು ಸೇರಿ ಅಲ್ಲಿ ಗಡ್ಡೆಗಟ್ಟುತ್ತದೆ. ಇನ್ನೊಂದಂಶವು, ಹೇಳಲು ಸಂಕೋಚವಾದರೂ ಹೇಳಲೇಬೇಕು, ಅಗ್ಗದ ಬೆಲೆಗೆ ಮಾರಾಟವಾಗಿ, ಬೀದಿಬದಿಯ ಮತ್ತೊಂದು ಬಾಣಲೆಯನ್ನೇರಿ, ನಮ್ಮ ಹೊಟ್ಟೆಗೇ ಮರಳುತ್ತದೆ.

ಇಂಥ ಎಣ್ಣೆಯನ್ನು ಯಂತ್ರಗಳಿಗೆ ಯೋಗ್ಯವಾದ ಇಂಧನವನ್ನಾಗಿ ಮಾರ್ಪಡಿಸುವ ವಿದ್ಯೆ ಅಷ್ಟೇನೂ ಗಹನವಾದುದಲ್ಲ. 1900ರ ಪ್ಯಾರಿಸ್ ವಿಶ್ವಪ್ರದರ್ಶನದಲ್ಲಿ ಡೀಸೆಲ್ ಯಂತ್ರವೊಂದು ಕಡಲೆಕಾಯಿ ಎಣ್ಣೆಯಿಂದಲೇ ಓಡಿತ್ತು. ನಮ್ಮಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸರು ಹೊಂಗೆಯೆಣ್ಣೆಯಿಂದ ಯಂತ್ರಗಳನ್ನು ನಡೆಯಿಸಿ ತೋರಿಸಿದರು. ಆದರೆ ಎಣ್ಣೆಯು ಡೀಸೆಲಿಗಿಂತ ಬಹಳ ಮಂದವಾದುದರಿಂದ ಯಂತ್ರದ ಸೂಕ್ಷ್ಮ ರಂಧ್ರಗಳಲ್ಲಿ ಸರಾಗವಾಗಿ ಚಿಮ್ಮದೆ ಮಸಿಗಟ್ಟುತ್ತದೆ. ಆದಕಾರಣ ಅದನ್ನು ಸೋಸಿ, ನೀರಿನ ಪಸೆಯನ್ನು ಆರಿಸಿ, ಕ್ಷಾರ ಬೆರೆತ ಮೆಥನಾಲಿನೊಡನೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕದಡುತ್ತಾರೆ. ಆಗ ಎಣ್ಣೆಯಲ್ಲಿನ ಮೇದಾಮ್ಲಗಳು ಗ್ಲಿಸರಿನ್ನಿನ ಸಂಗವನ್ನು ತೊರೆದು ಮೆಥನಾಲಿನೊಡನೆ ಕೂಡಿ, ಭಾರವಾದ ಗ್ಲಿಸರಿನ್ ತಳಕ್ಕಿಳಿದು, ತಿಳಿಯಾದ ಜೈವಿಕ ಡೀಸೆಲ್ ಮೇಲೆ ನಿಲ್ಲುತ್ತದೆ. 100 ಕಿಲೋ ಎಣ್ಣೆಗೆ ಹೆಚ್ಚುಕಡಮೆ ಅಷ್ಟೇ ತೂಕದ ಇಂಧನವೂ ಅದರ ಹತ್ತನೆಯ ಒಂದಂಶದಷ್ಟು ಗ್ಲಿಸರಿನ್ನೂ ದೊರೆಯುತ್ತವೆ. ಪದೇಪದೇ ಕಾಯ್ದ ಎಣ್ಣೆಯಲ್ಲಿ ಬಿಡಿ ಆಮ್ಲಗಳು ಅಧಿಕವಾಗಿ, ಕ್ಷಾರವು ಅವುಗಳೊಡನೆ ಸೇರಿ ಸಾಬೂನಾಗಿಬಿಡುವ ತೊಡಕೊಂದುಂಟು. ಅದಕ್ಕಾಗಿ ಮೊದಲೊಂದು ಆಮ್ಲಸಂಸ್ಕಾರ ಬೇಕಾಗುತ್ತದೆ. (ಇದನ್ನು ಮನೆಯ ಅಡುಗೆಮನೆಯಲ್ಲಿಯೇ ಪರೀಕ್ಷಿಸಹೊರಡುವ ಉತ್ಸಾಹಿಗಳು, ಮೆಥನಾಲ್ ವಿಷವೆಂಬುದನ್ನೂ ಕ್ಷಣಮಾತ್ರದಲ್ಲಿ ಹೊತ್ತಿಕೊಳ್ಳುವುದೆಂಬುದನ್ನೂ ನೆನೆದು ಹಿಂದೆ ಸರಿಯುವುದು ಲೇಸು.)

ಸರ್ಕಾರವೂ ಸುಮ್ಮನೆ ಕುಳಿತಿಲ್ಲ. ಕರಿಯುವ ಎಣ್ಣೆಯಲ್ಲಿ, ಅದು ಕಾದು ಕೆಟ್ಟಷ್ಟೂ ಹೆಚ್ಚುವ ಧ್ರುವೀಯ ಸಂಯುಕ್ತಗಳು ಶೇಕಡ 25ನ್ನು ಮೀರಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2018ರ ಜುಲೈಯಿಂದ ವಿಧಿಸಿತು. ಮರುತಿಂಗಳೇ, ಮೀರಿದ ಎಣ್ಣೆಯನ್ನು ಇಂಧನಕ್ಕೆ ತಿರುಗಿಸುವ ‘ರೂಕೋ’ ಯೋಜನೆ ಹೊರಟಿತು. ಡೀಸೆಲಿಗೆ 2030ರ ವೇಳೆಗೆ ಶೇಕಡ 5ರಷ್ಟು ಜೈವಿಕ ಡೀಸೆಲ್ ಬೆರೆಸಬೇಕೆಂಬುದು ಆ ವರ್ಷವೇ ಪ್ರಕಟವಾದ ರಾಷ್ಟ್ರೀಯ ನೀತಿಯ ಗುರಿ.

ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು ಲೆಕ್ಕವಿಡಬೇಕೆಂಬ ನಿಯಮವೂ ಇದೆ. ದೊಡ್ಡ ಹೋಟೆಲುಗಳಿಗೆ ಅದು ಯುಕ್ತವೇ. ಆದರೆ ಸಂಜೆಯ ಹೊತ್ತು ತಳ್ಳುಗಾಡಿಯಲ್ಲಿ ಒಂದೇ ಬಾಣಲೆಯನ್ನಿಟ್ಟು ಸಂಸಾರ ಸಾಗಿಸುವಾತನು ಈ ನಿಯಮದ ಕಣ್ಣಿಗೆ ಬೀಳುವುದೇ ಇಲ್ಲ, ಮತ್ತು ಕಪ್ಪೆಣ್ಣೆಯನ್ನು ಕೊಳ್ಳುವ ಗಿರಾಕಿಯಾಗುವ ಸಂಭವವೂ ಆತನಿಗೇ ಹೆಚ್ಚು. ತನಗೆ ಬೇಕಾದ ಖಾದ್ಯತೈಲದಲ್ಲಿ ಅರ್ಧಕ್ಕಿಂತ ಅಧಿಕವನ್ನು ಪರದೇಶಗಳಿಂದ ತರಿಸುವ ನಾಡಿನಲ್ಲಿ ಹೊಸ ಎಣ್ಣೆ ಅಗ್ಗವಾಗಿರುವುದೆಂತು? ದಾರಿದ್ರ್ಯವನ್ನು ದಂಡದಿಂದ ತಿದ್ದಲೆತ್ನಿಸಿದರೆ, ಗಾಡಿಯು ಒಂದು ಬೀದಿಯನ್ನು ಬಿಟ್ಟು ಮತ್ತೊಂದು ಬೀದಿಯಲ್ಲಿ ನಿಲ್ಲುತ್ತದೆ, ಅಷ್ಟೆ.

ನನ್ನ ಅಭಿಪ್ರಾಯದಲ್ಲಿ ಈ ಉದ್ಯಮದ ಮುಖ್ಯ ಫಲ ಇಂಧನವಲ್ಲ. ನಾಡಿನ ಬಾಣಲೆಗಳನ್ನೆಲ್ಲ ಬರಿದುಮಾಡಿದರೂ ನಮ್ಮ ಲಾರಿಗಳ ದಾಹದಲ್ಲಿ ಅಲ್ಪಾಂಶವಷ್ಟೇ ತೀರೀತು. ಆದರೆ ಇಂಧನವಾದ ಪ್ರತಿಯೊಂದು ಲೀಟರೂ ಯಾರೋ ಒಬ್ಬರ ಎಲೆಗೆ ಬೀಳದೆ ಉಳಿದ ಲೀಟರು. ಹೀಗಿರಲಾಗಿ, ವಾರಕ್ಕೊಮ್ಮೆ ಗಾಡಿಯ ಬಳಿಗೇ ಬಂದು ಹಳೆಯ ಎಣ್ಣೆಯನ್ನು ಅಳೆದು ಕೊಂಡು, ಅದಕ್ಕೆ ಪ್ರತಿಯಾಗಿ ಹೊಸ ಎಣ್ಣೆಯ ಬೆಲೆಯಲ್ಲಿ ಸೋಡಿ ಕೊಡುವ ಏರ್ಪಾಡನ್ನು ನಗರಸಭೆಗಳು ಮಾಡಬೇಕು. ಚಿಲ್ಲರೆ ಸಂಗ್ರಹಣೆಯ ವೆಚ್ಚ ಕಾರ್ಖಾನೆಯವರಿಗೆ ಗಿಟ್ಟುವುದಿಲ್ಲವೆಂಬುದು ನಿಜ. ಆ ನಷ್ಟವನ್ನು ಇಂಧನದ ಖಾತೆಯಿಂದಲ್ಲ, ಆರೋಗ್ಯದ ಖಾತೆಯಿಂದ ತುಂಬಿಕೊಡುವುದು ನ್ಯಾಯ.