ಬಟವಾಡೆ ಪಟ್ಟಿಗೆ ಯಾವ ಪ್ರಿಂಟ್?

ಆಲೂರಿನ ಕಾಫಿ ಬೆಳೆಗಾರರೊಬ್ಬರು ಪತ್ರ ಬರೆದಿದ್ದಾರೆ. ಮಗ ಹಾಸನದಲ್ಲಿ ಎಂಜಿನಿಯರಿಂಗ್ ಮೂರನೇ ಸೆಮಿಸ್ಟರ್. ಹೊಸದಾಗಿ ಜಾವಾ ಕಲಿತ ಹುರುಪಿನಲ್ಲಿ ಹಣ್ಣು ಕೊಯ್ಲಿನ ಬಟವಾಡೆಗೆ ಒಂದು ಪ್ರೋಗ್ರಾಂ ಬರೆದುಕೊಟ್ಟನಂತೆ. ದಿನದ ಕೂಲಿ 450, ಹೆಚ್ಚು ಕೊಯ್ದದ್ದಕ್ಕೆ 50. ಪರದೆಯ ಮೇಲೆ ಮೂಡಿದ್ದು ‘ಒಟ್ಟು ಕೂಲಿ 45050’! “ಇದನ್ನು ನಂಬಿದರೆ ತೋಟ ಮಾರಬೇಕಾದೀತು. ಕಂಪ್ಯೂಟರಿಗೆ ಕೂಡಲು ಬರುವುದಿಲ್ಲವೆ?” ಎಂದು ಕೇಳಿದ್ದಾರೆ.

ಬರುತ್ತದೆ ಸ್ವಾಮಿ. ಆದರೆ ‘ಒಟ್ಟು ಕೂಲಿ’ ಎಂಬ ಪದದ ಹಿಂದೆಯೇ ಕೂಡುವ ಚಿಹ್ನೆ ಹಾಕಿದರೆ ಜಾವಾ ಅದನ್ನು ಅಂಟಿಸುವ ಗೋಂದು ಎಂದು ತಿಳಿಯುತ್ತದೆ. ಮುಂದಿನ ಎರಡು ಸಂಖ್ಯೆಗಳನ್ನೂ ಒಂದರ ಪಕ್ಕ ಒಂದು ಅಂಟಿಸುತ್ತದೆ. ಕೂಡಬೇಕಾದ್ದನ್ನು ಆವರಣದೊಳಗೆ ಇಟ್ಟರೆ 500 ಎಂದೇ ಬರುತ್ತದೆ.

ಇನ್ನು ಹುಡುಗನ ಪ್ರಶ್ನೆ: ಪ್ರಿಂಟ್, ಪ್ರಿಂಟ್‌ಲೈನ್, ಪ್ರಿಂಟ್‌ಎಫ್, ಈ ಮೂರರಲ್ಲಿ ಯಾವುದು ಒಳ್ಳೆಯದು? ಮೊದಲನೆಯದು ಬರೆದು ಅದೇ ಸಾಲಿನಲ್ಲಿ ನಿಲ್ಲುತ್ತದೆ. ಎರಡನೆಯದು ಬರೆದ ಮೇಲೆ ಮುಂದಿನ ಸಾಲಿಗೆ ಇಳಿಯುತ್ತದೆ. ಪ್ರೋಗ್ರಾಂ ಸರಿಯಿದೆಯೇ ಎಂದು ತಾನೇ ನೋಡಿಕೊಳ್ಳಲು ಇವು ಸಾಕು. ಬೇರೆಯವರು ಓದುವ ಲೆಕ್ಕವಾದರೆ ನನ್ನ ಮತ ಪ್ರಿಂಟ್‌ಎಫ್‌ಗೆ. 1.1 ಕಿಲೋಗೆ 2.2 ಕಿಲೋ ಮೆಣಸು ಕೂಡಿ ಪ್ರಿಂಟ್‌ಲೈನ್ ಮಾಡಿ ನೋಡಿ: 3.3000000000000003 ಎನ್ನುತ್ತದೆ. ಯಾವ ವ್ಯಾಪಾರಿ ಒಪ್ಪುತ್ತಾನೆ? ಶೇಕಡಾ ಚಿಹ್ನೆ, 10.2, ಎಫ್ ಎಂದು ಒತ್ತಾಗಿ ಬರೆದು ಪ್ರಿಂಟ್‌ಎಫ್‌ಗೆ ಕೊಟ್ಟರೆ ಹತ್ತು ಅಂಕಣಗಳ ಜಾಗದಲ್ಲಿ, ಬಲಕ್ಕೆ ಒತ್ತಿ, 3.30 ಎಂದು ಅಚ್ಚುಕಟ್ಟಾಗಿ ಕೂರುತ್ತದೆ. ಆದರೆ ಇದು ತೋರಿಕೆ ಮಾತ್ರ, ಒಳಗಿನ ಕೊಸರು ಹೋಗಿರುವುದಿಲ್ಲ. ಹಣವನ್ನು ಪೈಸೆಯ ಪೂರ್ಣಾಂಕದಲ್ಲಿ ಇಡುವುದೇ ಕ್ಷೇಮ.

ಜಾವಾ ಹೊರಬಂದ 1996ರಲ್ಲಿ ಈ ಸೌಲಭ್ಯವೇ ಇರಲಿಲ್ಲ. ಸಿ ಭಾಷೆಯವರಿಗೆ ಎಷ್ಟೋ ವರ್ಷಗಳಿಂದ ಇದ್ದ ಪ್ರಿಂಟ್‌ಎಫ್ ಜಾವಾಕ್ಕೆ ಬಂದದ್ದು 2004ರ ಐದನೇ ಆವೃತ್ತಿಯಲ್ಲಿ. ಅದಕ್ಕೂ ಮುಂಗೋಪವುಂಟು. ಪೂರ್ಣಾಂಕಕ್ಕೆಂದು ‘ಡಿ’ ಬರೆದ ಕಡೆ ದಶಾಂಶ ಸಂಖ್ಯೆ ಕೊಟ್ಟರೆ ಕಂಪೈಲರ್ ಸುಮ್ಮನಿದ್ದು, ಓಡಿಸುವಾಗ ಪ್ರೋಗ್ರಾಂ ನಡುದಾರಿಯಲ್ಲಿ ನಿಂತುಬಿಡುತ್ತದೆ. ಬಟವಾಡೆಯ ಸಂಜೆ ಹೀಗಾದರೆ ಗತಿಯೇನು? ಹಿಂದಿನ ದಿನವೇ ಪರೀಕ್ಷಿಸಬೇಕು.

ಪತ್ರದ ಕೊನೆಯಲ್ಲಿ ಇನ್ನೊಂದು ದೂರಿದೆ. ಪ್ರಿಂಟ್‌ಎಫ್ ಹಾಕಿದರೂ ಕನ್ನಡದ ಹೆಸರುಗಳ ಮುಂದಿನ ಕಾಲಂ ಸೊಟ್ಟಗಾಗುತ್ತದಂತೆ. ಇದು ಹುಡುಗನ ತಪ್ಪಲ್ಲ. ‘ಕಮಲ’ ನಮಗೂ ಮೂರಕ್ಷರ, ಜಾವಾಕ್ಕೂ ಮೂರು. ‘ಲಕ್ಷ್ಮಿ’ ನಮಗೆ ಎರಡೇ ಅಕ್ಷರ. ಜಾವಾ ಮಾತ್ರ ಒತ್ತು, ಗುಣಿತ ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸಿ ಏಳು ಎನ್ನುತ್ತದೆ. ಹತ್ತು ಅಂಕಣ ಕೇಳಿದರೆ ಕಮಲಳ ಮುಂದೆ ಏಳು ಖಾಲಿ ಜಾಗ, ಲಕ್ಷ್ಮಿಯ ಮುಂದೆ ಮೂರೇ. ಸುಲಭದ ಉಪಾಯವೆಂದರೆ ತೂಕ, ಕೂಲಿಗಳನ್ನು ಮೊದಲು ಮುದ್ರಿಸಿ ಹೆಸರನ್ನು ಸಾಲಿನ ಕೊನೆಗೆ ಹಾಕುವುದು. ತೋಟದ ರೈಟರ್ ಒಂದೆರಡು ದಿನ ಗೊಣಗಬಹುದು; ಕೂಲಿಯ ಕಾಲಂ ಮಾತ್ರ ನೆಟ್ಟಗೆ ನಿಲ್ಲುತ್ತದೆ.