ಎಲೆ ಉದುರಿದ ಕಾಡು ಬಂಜರಲ್ಲ

ಬೇಸಿಗೆಯಲ್ಲಿ ಹಂಪಿಯಿಂದ ಕಮಲಾಪುರದ ಮೂಲಕ ದರೋಜಿಯತ್ತ ಹೊರಟವರಿಗೆ ಕಾಣುವುದು ಬಂಡೆಗಲ್ಲು, ಮುಳ್ಳುಪೊದೆ ಹಾಗೂ ಎಲೆ ಕಳಚಿದ ಗಿಡಗಳು ಮಾತ್ರ. ಇದನ್ನು ಕಾಡೆಂದು ಒಪ್ಪಲು ಮನಸ್ಸು ಹಿಂಜರಿಯುತ್ತದೆ. ನಮ್ಮ ಕಲ್ಪನೆಯ ಕಾಡು ಮಲೆನಾಡಿನದು, ವರ್ಷವಿಡೀ ಹಸಿರಾಗಿರುವಂಥದು. ಆ ಅಳತೆಗೆ ಹೊಂದದ ಬಯಲುಸೀಮೆಯ ಒಣಕಾಡಿಗೆ ಕಡತಗಳಲ್ಲಿ ದೊರೆತ ಹೆಸರು 'ಬಂಜರು'. ಶೇ 10ಕ್ಕಿಂತ ಕಡಿಮೆ ಮರಗಳ ಹೊದಿಕೆಯುಳ್ಳ ಕುರುಚಲನ್ನು ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯು ಅರಣ್ಯದ ಲೆಕ್ಕಕ್ಕೇ ಸೇರಿಸುವುದಿಲ್ಲ.

ಎಲೆ ಉದುರಿಸುವುದು ನೀರನ್ನು ಉಳಿಸಿಕೊಳ್ಳಲು ಮರ ಕಂಡುಕೊಂಡಿರುವ ಉಪಾಯವೇ ಹೊರತು ಸಾವಿನ ಲಕ್ಷಣವಲ್ಲ. 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮವೇ ಇದಕ್ಕೆ ಸಾಕ್ಷಿ. ಇಲ್ಲಿನ ಕರಡಿಗಳನ್ನು ಸಲಹುತ್ತಿರುವುದು ಇದೇ ಕುರುಚಲಿನ ಹಣ್ಣು, ಜೇನು ಮತ್ತು ಗೆದ್ದಲು. ಅಪರೂಪದ ಹಳದಿ ಕೊರಳಿನ ಪಿಕಳಾರಕ್ಕೂ ಈ ಕಲ್ಲುಗುಡ್ಡಗಳೇ ನೆಲೆ. ಸಂಡೂರಿನ ಬೆಟ್ಟಗಳಲ್ಲಿ ಹುಟ್ಟುವ ನಾರಿಹಳ್ಳ ಭೀಮಗಂಡಿಯನ್ನು ಸೀಳಿಕೊಂಡು ಬಂದು ದರೋಜಿ ಕೆರೆಯನ್ನು ಸೇರುತ್ತದೆ. ಸಂಡೂರಿನಲ್ಲಿ ಕಾಡು ಕಡಿದರೆ ಮಣ್ಣು ಇಳಿದು ಬರುವುದು ಈ ಕೆರೆಗೇ.

ಒಣಕಾಡಿನ ಸಂಕಟ ನಮ್ಮದಷ್ಟೇ ಅಲ್ಲ. ಜಗತ್ತಿನಲ್ಲಿ ಉಳಿದಿರುವ ಉಷ್ಣವಲಯದ ಒಣಕಾಡಿನಲ್ಲಿ ಶೇ 97ರಷ್ಟು ಒಂದಲ್ಲ ಒಂದು ಅಪಾಯದಲ್ಲಿದೆ ಎಂದು 2006ರ ಜಾಗತಿಕ ಅಧ್ಯಯನವೊಂದು ಎಚ್ಚರಿಸಿತ್ತು. ಪರಾಗ್ವೆ, ಅರ್ಜೆಂಟೀನಾಗಳ ಚಾಕೋ ಕಾಡನ್ನು ಸೋಯಾ ಬೇಸಾಯ ಹಾಗೂ ದನಗಳ ಹುಲ್ಲುಗಾವಲು ನುಂಗುತ್ತಿದ್ದರೆ, ನಮ್ಮಲ್ಲಿ ಆ ಕೆಲಸ ಮಾಡಿದ್ದು ಕಬ್ಬಿಣದ ಅದಿರು.

ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿಯ ಬೆನ್ನಿಗೇ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಅನಂತರ ಷರತ್ತುಗಳೊಂದಿಗೆ ಅನುಮತಿ ದೊರೆಯಿತಾದರೂ ವಾರ್ಷಿಕ ಉತ್ಪಾದನೆಯ ಮಿತಿ ಮೇಲೇರುತ್ತಲೇ ಹೋಗಿ, 2022ರಲ್ಲಿ ಬಳ್ಳಾರಿಯ ಪಾಲು 35 ದಶಲಕ್ಷ ಟನ್ ಮುಟ್ಟಿತು. 2024ರಲ್ಲಿ ದೇವದಾರಿ ಬೆಟ್ಟದ ಸುಮಾರು 400 ಹೆಕ್ಟೇರ್ ಅರಣ್ಯವನ್ನು ಗಣಿಗೆ ನೀಡುವ ಪ್ರಸ್ತಾವ ಮುನ್ನೆಲೆಗೆ ಬಂದಾಗ, ಬಲಿಯಾಗಲಿದ್ದ ಮರಗಳು 99 ಸಾವಿರಕ್ಕೂ ಅಧಿಕವೆಂಬ ಅಂಶ ಬೆಳಕಿಗೆ ಬಂತು. ಭೂಮಿಯನ್ನು ಹಸ್ತಾಂತರಿಸದಂತೆ ಅರಣ್ಯ ಸಚಿವರು ಸೂಚಿಸಿದರು. ಆದರೆ ಒಬ್ಬ ಸಚಿವರ ಸೂಚನೆ ಶಾಶ್ವತ ನೀತಿಯಾಗಲಾರದು.

ಗಣಿಯಿಂದ ಉದ್ಯೋಗವಿದೆ, ಉಕ್ಕು ದೇಶಕ್ಕೆ ಬೇಕು ಎಂಬ ವಾದವನ್ನು ತಳ್ಳಿಹಾಕಲಾಗದು. ಹಾಗೆಂದೇ ಕೇಳಬೇಕಾದ ಪ್ರಶ್ನೆ ಬೇರೆ: ಈಗಾಗಲೇ ಅಗೆದಿರುವ ಬೆಟ್ಟಗಳಿರುವಾಗ ಅಗೆಯದ ಬೆಟ್ಟವೇ ಏಕೆ ಬೇಕು? ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಸಾವಿರಾರು ಕೋಟಿ ರೂಪಾಯಿ ಸಂಗ್ರಹವಾಗಿದೆ. ಅದು ರಸ್ತೆ, ಕಟ್ಟಡಗಳಲ್ಲೇ ಕರಗಿದರೆ ಕಾಡಿಗೆ ಸಲ್ಲಬೇಕಾದ ಋಣ ಉಳಿದೇ ಹೋಗುತ್ತದೆ. ಬೇಗ ಬೆಳೆಯುವ ಪರಕೀಯ ಸಸಿಗಳ ನೆಡುತೋಪು ಕೂಡ ಕಾಡಾಗದು. ದಿಂಡಿಗ, ಕಮರ, ಮುತ್ತುಗ, ಹೊನ್ನೆಗಳೇ ಮರಳಬೇಕು.

ಇದು ಅಸಾಧ್ಯವೇನಲ್ಲ. ಕೋಸ್ಟರಿಕಾದ ಗ್ವಾನಾಕಾಸ್ಟೆಯಲ್ಲಿ 1980ರ ದಶಕದಿಂದ ವಿಜ್ಞಾನಿ ಡೇನಿಯಲ್ ಜಾನ್ಸೆನ್ ಮತ್ತು ಸಂಗಡಿಗರು ಸ್ಥಳೀಯರನ್ನೇ ಕೆಲಸಕ್ಕೆ ತೊಡಗಿಸಿ, ಕಾಳ್ಗಿಚ್ಚನ್ನು ತಡೆದು, ಹಳೆಯ ಹುಲ್ಲುಗಾವಲುಗಳಲ್ಲಿ ಒಣಕಾಡು ತಾನಾಗಿ ಚಿಗುರುವಂತೆ ಮಾಡಿದ್ದಾರೆ. ಅಲ್ಲಿ ಮೇಲ್ಮಣ್ಣು ಉಳಿದಿತ್ತು. ಸಂಡೂರಿನ ಗಣಿಗುಂಡಿಗಳಲ್ಲಿ ಅದೂ ಉಳಿದಿಲ್ಲ. ಆದ್ದರಿಂದಲೇ, ನಿಂತಿರುವ ಕಾಡನ್ನು ಮುಟ್ಟದಿರುವುದು ಮೊದಲ ಕರ್ತವ್ಯ. ಸಂಡೂರಿನ ಅಖಂಡ ಅರಣ್ಯದಲ್ಲಿ ಹೊಸ ಗಣಿ ಇಲ್ಲವೆಂದು ಸರ್ಕಾರ ಕಾನೂನಿನ ಮೂಲಕವೇ ಘೋಷಿಸಲಿ. 'ಬಂಜರು' ಎಂಬ ಪದವನ್ನು ಕಡತದಿಂದ ಅಳಿಸುವ ಕೆಲಸ ಅಲ್ಲಿಂದಲೇ ಆರಂಭವಾಗಲಿ.