ಗಾಜುವಾಕದಲ್ಲಿ ಸವೆದ ಜೀವ: ದುಡಿಮೆಯ ದಾಖಲೆ ಎಲ್ಲಿದೆ?

ಗಾಜುವಾಕ: ಹೊಟ್ಟೆಪಾಡಿಗಾಗಿ ಹದಿಹರೆಯದಲ್ಲೇ ಊರು ಬಿಟ್ಟು, ಪರರಾಜ್ಯದಲ್ಲಿ ನಾಲ್ಕು ದಶಕ ದುಡಿದ ಹಿರಿಯರೊಬ್ಬರು ಕಣ್ಮುಚ್ಚಿದಾಗ ನಮ್ಮವರು ಓಡಿಬಂದು ಹೆಗಲು ಕೊಡುತ್ತಾರೆ. ಸಂತಾಪ ಸಭೆಯಲ್ಲಿ ನಾಲ್ಕು ಒಳ್ಳೆಯ ಮಾತುಗಳೂ ಕೇಳಿಬರುತ್ತವೆ. ಆದರೆ ಉತ್ತರಕ್ರಿಯೆ ಮುಗಿದ ಬಳಿಕ ಮನೆಯವರ ಮುಂದೆ ನಿಲ್ಲುವ ಪ್ರಶ್ನೆಯೇ ಬೇರೆ. ಅವರು ಅಷ್ಟು ವರ್ಷ ದುಡಿದದ್ದಕ್ಕೆ ದಾಖಲೆ ಎಲ್ಲಿದೆ?

ವಿಶಾಖಪಟ್ಟಣದ ಈ ಕೈಗಾರಿಕಾ ಪ್ರದೇಶ ಬೆಳೆದದ್ದರಲ್ಲಿ ಹೊರಗಿನಿಂದ ಬಂದವರ ಬೆವರೂ ಇದೆ. ನಗರದ ಹಡಗು ನಿರ್ಮಾಣ ಕಾರ್ಖಾನೆಗೆ 1941ರಲ್ಲಿ, ಉಕ್ಕು ಕಾರ್ಖಾನೆಗೆ 1971ರಲ್ಲಿ ಶಂಕುಸ್ಥಾಪನೆಯಾಯಿತು. ಇವುಗಳ ಸುತ್ತ ಹೋಟೆಲು, ಕ್ಯಾಂಟೀನು, ಗ್ಯಾರೇಜು, ಗುತ್ತಿಗೆ ಕೆಲಸಗಳು ಹುಟ್ಟಿಕೊಂಡವು. ಉಕ್ಕು ಕಾರ್ಖಾನೆಯ ಖಾಸಗೀಕರಣಕ್ಕೆ 2021ರಲ್ಲಿ ಕೇಂದ್ರ ಒಪ್ಪಿಗೆ ನೀಡಿದ್ದು, 2025ರಲ್ಲಿ 11,440 ಕೋಟಿ ರೂ. ನೆರವು ಪ್ರಕಟಿಸಿದ್ದು ದೇಶದಾದ್ಯಂತ ಸುದ್ದಿಯಾಯಿತು. ಗೇಟಿನ ಹೊರಗೆ ಇಡ್ಲಿ ಬೇಯಿಸಿ ಮುಪ್ಪಾದವರ ಲೆಕ್ಕವನ್ನು ಕೇಳಿದವರು ಕಡಿಮೆ.

ಭವಿಷ್ಯನಿಧಿ ಕಾನೂನು ಸಾಮಾನ್ಯವಾಗಿ 20 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಸಣ್ಣ ಹೋಟೆಲು ಇದರಿಂದ ಹೊರಗೇ ಉಳಿಯುತ್ತದೆ. ಖಾತೆ ಇದ್ದವರಿಗೂ ಮಾಸಿಕ ಪಿಂಚಣಿ ಬೇಕಾದರೆ 10 ವರ್ಷದ ಸೇವೆ ತೋರಿಸಬೇಕು. ಧಣಿ ಬದಲಾದಂತೆ ಖಾತೆಯೂ ಬದಲಾಗಿ, ಹಳೆಯದನ್ನು ಹೊಸದಕ್ಕೆ ಸೇರಿಸದೇ ಹೋದರೆ ಸೇವೆ ತುಂಡು ತುಂಡಾಗುತ್ತದೆ. 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂ. ಮಾತ್ರ.

1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರರ ಮೂಲಕ ಬಂದವರಿಗಷ್ಟೇ ಸೀಮಿತವಾಗಿತ್ತು. ಮಾವನ ಕೈಹಿಡಿದು ಹೋಟೆಲಿಗೆ ಬಂದ ಹುಡುಗ ಅದರ ಲೆಕ್ಕಕ್ಕೆ ಸಿಗಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆ, ಸ್ವಂತವಾಗಿ ಬಂದವರನ್ನೂ ವಲಸೆ ಕಾರ್ಮಿಕರೆಂದು ಒಪ್ಪಿದೆ. ಆದರೆ ಈಗಾಗಲೇ ದುಡಿಮೆ ಮುಗಿಸಿದ ಹಿರಿಯರ ಪಾಲಿಗೆ ಇದು ಊಟ ಮುಗಿದ ಮೇಲೆ ಹಾಕಿದ ಎಲೆ ಎಂದರೆ ತಪ್ಪಾಗಲಾರದು.

ಇನ್ನೊಂದು ತೊಡಕು ಹೆಸರಿನದು. ಊರಿನ ಕಾಗದದಲ್ಲಿ ಹೆಸರಿನ ಜತೆ ತಂದೆಯ ಅಥವಾ ಊರಿನ ಹೆಸರು. ಆಂಧ್ರದ ಪದ್ಧತಿಯಲ್ಲಿ ಮನೆತನದ ಹೆಸರು ಮೊದಲು. ಹೀಗೆ ಒಬ್ಬರೇ ವ್ಯಕ್ತಿ ಎರಡು ರಾಜ್ಯಗಳಲ್ಲಿ ಇಬ್ಬರಾಗುತ್ತಾರೆ. ಸಾವು ಸಂಭವಿಸಿದ ಸ್ಥಳದಲ್ಲೇ 21 ದಿನದೊಳಗೆ ಮರಣ ನೋಂದಣಿ ಆಗಬೇಕು. ಆ ಪತ್ರದಲ್ಲಿ ಹೆಸರು ತಪ್ಪಿದರೆ ಊರಿನ ತುಂಡು ಜಮೀನಿನ ಪೌತಿ ಖಾತೆಗೂ, ವಿಧವೆಯ ಪಿಂಚಣಿಗೂ ಅಡ್ಡಿ ತಪ್ಪಿದ್ದಲ್ಲ.

ಬ್ಯಾಂಕ್ ಖಾತೆಗೆ ನಾಮಿನಿ ಇದ್ದರೆ ಹಣ ಬೇಗ ಕೈಸೇರುತ್ತದೆ. 2025ರ ನವೆಂಬರ್ 1ರಿಂದ ನಾಲ್ವರನ್ನು ಹೆಸರಿಸಲೂ ಅವಕಾಶವಿದೆ. 10 ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹಾಗೆ ಹೋದರೂ ವಾರಸುದಾರರು ಅದೇ ಬ್ಯಾಂಕಿನಲ್ಲಿ ಅರ್ಜಿ ಕೊಟ್ಟು ಪಡೆಯಬಹುದು. ಆದರೆ ಅಂತಹ ಖಾತೆ ಇದೆಯೆಂಬುದು ಮನೆಯವರಿಗೆ ತಿಳಿದಿರಬೇಕಷ್ಟೆ.

ಹೊರನಾಡ ಸಂಘಗಳು ವರ್ಷಕ್ಕೊಮ್ಮೆ ಹಿರಿಯರಿಗೆ ಶಾಲು ಹೊದಿಸಿ, ಫಲಪುಷ್ಪ ನೀಡಿ ಸನ್ಮಾನಿಸುವುದು ಸ್ತುತ್ಯರ್ಹ. ಅದೇ ದಿನ ಒಂದು ಮೇಜು ಹಾಕಿ, ಅವರ ಪಾಸ್‌ಪುಸ್ತಕ, ಆಧಾರ್, ಭವಿಷ್ಯನಿಧಿ ಸಂಖ್ಯೆ, ನಾಮಿನಿಯ ಹೆಸರು ಸರಿಯಿದೆಯೇ ಎಂದು ನೋಡಿಕೊಡಲಿ. ಜೀವವಿರುವಾಗ ಮಾಡಿದ ಈ ಕೆಲಸ, ತೀರಿದ ಮೇಲೆ ಹಾಕುವ ಹಾರಕ್ಕಿಂತ ಮನೆಯವರಿಗೆ ಆಸರೆಯಾಗುತ್ತದೆ.